ಏಳನೆಯ ದಿನದ ಬಟ್ಟಲು

ನಮ್ಮೂರಲ್ಲಿ ಉಪ್ಪಿನಕಾಯಿ ಇರಲಿಲ್ಲ ಎಂದರೆ ನೀವು ನಂಬುವುದಿಲ್ಲ. ಹಪ್ಪಳ ಇರಲಿಲ್ಲ, ಸಂಡಿಗೆ ಇರಲಿಲ್ಲ, ಹಳೆಯ ಅಕ್ಕಿ ಎಂಬ ಮಾತೇ ಇರಲಿಲ್ಲ. ಇರುವುದಾದರೂ ಹೇಗೆ? ತಿನ್ನುವ ಪದಾರ್ಥ ಯಾವುದೇ ಇರಲಿ, ಬೇಯಿಸಿದ್ದೇ ಇರಲಿ ಹಸಿಯದೇ ಇರಲಿ, ಮನೆಯೊಳಗೆ ಏಳು ದಿನ ಸುಮ್ಮನಿರುತ್ತದೆ, ಎಂಟನೆಯ ದಿನ ಚಿಗುರುತ್ತದೆ. ಚೀಲದ ಜೋಳ ಚೀಲ ಹರಿದುಕೊಂಡು ಎದ್ದು ನಿಲ್ಲುತ್ತದೆ. ಬೆಲ್ಲದ ಗಡಿಗೆಯಿಂದ ಕಬ್ಬಿನ ಸೋಗೆ ಇಣುಕುತ್ತದೆ. ನಮ್ಮ ಅತ್ತೆ ಒಮ್ಮೆ ನನ್ನ ಮೇಲಿನ ಸಿಟ್ಟಿಗೆ ಹೋಳಿಗೆಯ ಡಬ್ಬಿ ಅಡಗಿಸಿಟ್ಟು ಮರೆತುಬಿಟ್ಟಿದ್ದರು. ಒಂಬತ್ತನೆಯ ದಿನ ನೋಡಿದರೆ ಮುಚ್ಚಳ ಹಾರಿಹೋಗಿ, ಒಂದು ಕಡೆ ಕಡಲೆ ಗಿಡ, ಒಂದು ಕಡೆ ಗೋಧಿ, ನಡುವೆ ಒಂದು ಪುಟ್ಟ ಏಲಕ್ಕಿ ಸಸಿ. ಅತ್ತೆ ಆ ಸಸಿಯನ್ನು ಹಿತ್ತಲಲ್ಲಿ ನೆಟ್ಟು, ಸಾಯುವ ತನಕ ಅದರದೇ ಏಲಕ್ಕಿ ಹಾಕಿದ ಚಹಾ ಕುಡಿದರು. ಏಕೆ ಹೀಗೆ ಎಂದು ಕೇಳಬೇಡಿ. ನಿಮ್ಮೂರಲ್ಲಿ ಹಾಲು ಏಕೆ ಹೆಪ್ಪುಗಟ್ಟುತ್ತದೆ ಎಂದು ನಾನೇನು ಕೇಳಿದೆನೇ?

ನೆಲವೂ ಅಂಥದ್ದೇ. ಕಾಳು ಚೆಲ್ಲಿದಲ್ಲಿ ಬೆಳೆಯುತ್ತದೆ, ಆದರೆ ಯಾರ ಹೊಲ ಯಾವಾಗ ತೆನೆ ಕೊಡುತ್ತದೆಂದು ಬ್ರಹ್ಮನೂ ಹೇಳಲಾರ. ಈ ವಾರ ನಿನ್ನದು, ಬರುವ ವಾರ ನನ್ನದು, ಆಮೇಲೆ ಎರಡು ತಿಂಗಳು ನನ್ನ ಹೊಲ ನಿದ್ದೆ ಹೊಡೆಯುತ್ತದೆ. ಹೀಗಾಗಿ ಪ್ರತಿ ಮನೆಗೂ ಒಂದು 'ಏಳು' ಇತ್ತು. ತೆನೆ ಮನೆಗೆ ಬಂದು ಏಳನೆಯ ದಿನ, ಉಳಿದದ್ದನ್ನೆಲ್ಲ ಬೇಯಿಸಿ, ಬಟ್ಟಲುಗಳಿಗೆ ತುಂಬಿ, ಓಣಿಗೆಲ್ಲ ಹಂಚುವುದು. ದಾರಿಯಲ್ಲಿ ಎದುರಾದವರು "ಆರಾಮ ಅದಿಯೇನು" ಎನ್ನುವ ಬದಲು "ನಿಮ್ಮನಿ ಏಳು ಯಾವತ್ತು" ಎನ್ನುತ್ತಿದ್ದರು. ಒಂದೇ ಒಂದು ಕಟ್ಟಳೆ ಇತ್ತು: ಬಂದ ಬಟ್ಟಲನ್ನು ಬೇಡ ಎನ್ನುವಂತಿಲ್ಲ. ಹೊಟ್ಟೆ ಬಿರಿಯುತ್ತಿದ್ದರೂ ಇಸಿದುಕೊಂಡು, ಒಂದು ತುತ್ತು ತಿಂದು, ಮುಂದಿನ ಮನೆಗೆ ದಾಟಿಸಬೇಕು. ಗಂಡ, ಅತ್ತೆಯರನ್ನು ಬಿಟ್ಟರೆ ಯಾರೂ ಯಾರಿಗೂ 'ರೀ' ಎನ್ನುತ್ತಿರಲಿಲ್ಲ. ತೊಂಬತ್ತು ದಾಟಿದ ಚೆನ್ನಮಲ್ಲಜ್ಜನನ್ನೂ ನಾವು 'ನೀನು' ಎಂದೇ ಕರೆಯುತ್ತಿದ್ದೆವು, ಅವನು ನಮ್ಮ ಜಗುಲಿಯಲ್ಲಿ ಕಾಲು ಚಾಚಿ ಮಲಗುತ್ತಿದ್ದ, ನಾವು ಅವನನ್ನು ದಾಟಿಕೊಂಡು ಒಳಗೆ ಹೋಗುತ್ತಿದ್ದೆವು.

ಇನ್ನು ಕಾಶವ್ವನ ವಿಷಯ. ಅವಳ ಮನೆಗೂ ನಮ್ಮ ಮನೆಗೂ ನಡುಗೋಡೆ ಒಂದೇ. ಆ ಗೋಡೆಯಲ್ಲಿ, ಎರಡೂ ಅಡುಗೆಮನೆಗಳ ನಡುವೆ, ಒಂದು ಕಿಂಡಿ. ಒಂದು ಬಟ್ಟಲು ದಾಟುವಷ್ಟು ಅಗಲ, ಒಂದು ಮುಖ ಕಾಣುವಷ್ಟು ಎತ್ತರ. ನಾವಿಬ್ಬರೂ ಒಂದೇ ವರ್ಷ ಈ ಓಣಿಗೆ ಸೊಸೆಯಂದಿರಾಗಿ ಬಂದವರು. ಇಬ್ಬರ ಅತ್ತೆಯರೂ ಒಂದೇ ಹದದವರು, ಹಾಗಾಗಿ ಇಬ್ಬರಿಗೂ ಆ ಕಿಂಡಿಯೇ ತವರುಮನೆಯಾಯಿತು. ಅತ್ತದ್ದೂ ಅಲ್ಲೇ, ನಕ್ಕದ್ದೂ ಅಲ್ಲೇ, ಗಂಡಂದಿರನ್ನು ಬೈದದ್ದೂ ಅಲ್ಲೇ. ಕಾಶಿಯ ಬಾಯಿ ಬಲು ಹರಿತ. ಆದರೆ ಅವಳು ಮಾಡುವ ಅವರೆಕಾಳಿನ ಪಲ್ಯ ತಿಂದವರು ಆ ಬಾಯಿಯನ್ನು ಕ್ಷಮಿಸುತ್ತಾರೆ. ಅವಳ ಏಳು ಬಂದಾಗ ಮೊದಲ ಬಟ್ಟಲು ಕಿಂಡಿಯಿಂದ ನನಗೇ ಬರುತ್ತಿತ್ತು. ಇಪ್ಪತ್ತೆರಡು ವರ್ಷ ಹಾಗೆಯೇ ನಡೆದಿತ್ತು.

ಆ ವರ್ಷ ಬೇಸಗೆಯಲ್ಲಿ ನಮ್ಮನೆಯವರು ಗೋಡೆಗೆ ಬಳಿಯಲು ಮಣ್ಣು ಬೇಕೆಂದು ಹಿತ್ತಲಲ್ಲಿ ಅಗೆಯತೊಡಗಿದರು. ಸೊಂಟದುದ್ದ ಅಗೆಯುವ ತನಕ ಕೆಂಪು ಮಣ್ಣು. ಆಮೇಲೆ ವಿಭೂತಿಯಂಥ ಬಿಳಿ ಮಣ್ಣು ಬಂತು, ಅದರ ಕೆಳಗೆ ಟೊಳ್ಳು. ಟೊಳ್ಳಿದೆ ಎಂದು ಅವರಿಗೆ ತಿಳಿದದ್ದು ಅದರೊಳಗೆ ಬಿದ್ದ ಮೇಲೆ. ಏಣಿ ಇಳಿಸಿ ಎತ್ತಿದೆವು, ಉಳುಕಿದ ಕಾಲಿಗೆ ಎಣ್ಣೆ ತಿಕ್ಕಿದೆವು, ಗುಂಡಿಯ ಬಾಯಿಗೆ ಹಲಗೆ ಮುಚ್ಚಿದೆವು. ಅವರ ಮಧ್ಯಾಹ್ನದ ಊಟಕ್ಕೆಂದು ನಿಂಬೆಹಣ್ಣು ಹೆಚ್ಚಿ, ಉಪ್ಪು ಖಾರ ಕಲಸಿ, ಮಜ್ಜಿಗೆಯ ಭರಣಿಯಲ್ಲಿ ಹಾಕಿ ಕೊಟ್ಟಿದ್ದೆ. ಭರಣಿ ಗುಂಡಿಯಲ್ಲೇ ಉಳಿಯಿತು. ನೆನಪಾದದ್ದು ಇಪ್ಪತ್ತು ದಿನ ಕಳೆದ ಮೇಲೆ. ಇಷ್ಟೊತ್ತಿಗೆ ನಿಂಬೆಯ ಗಿಡ ಹಲಗೆಯನ್ನು ಎತ್ತಿರಬೇಕು ಎಂದುಕೊಂಡು ಕುಡುಗೋಲು ಹಿಡಿದೇ ಹೋದೆ. ಹಲಗೆ ಇದ್ದಂತೆಯೇ ಇತ್ತು. ಭರಣಿಯ ಬಾಯಿ ಬಿಚ್ಚಿದೆ. ಗಿಡವಿಲ್ಲ, ಎಲೆಯಿಲ್ಲ. ಮೆತ್ತಗಾದ ಹೋಳುಗಳು, ದಪ್ಪ ರಸ, ಮತ್ತು ಜನ್ಮದಲ್ಲಿ ಮೂಗಿಗೆ ಬೀಳದ ಒಂದು ವಾಸನೆ. ಹೆದರಿಕೊಂಡೇ ಒಂದು ಹೋಳು ಬಾಯಿಗೆ ಹಾಕಿದೆ. ಸುಳ್ಳೇಕೆ ಹೇಳಲಿ, ಕಣ್ಣಲ್ಲಿ ನೀರು ಬಂತು, ಎರಡನೆಯ ಹೋಳಿಗೆ ಕೈ ತಾನಾಗಿಯೇ ಹೋಯಿತು.

ಸಂಜೆಯೊಳಗೆ ಇಡೀ ಊರು ನಮ್ಮ ಹಿತ್ತಲಲ್ಲಿತ್ತು. ಒಬ್ಬೊಬ್ಬರ ನಾಲಿಗೆಯ ಮೇಲೆ ಒಂದೊಂದು ಚೂರು ಇಟ್ಟೆ. ಜನ ಮುಖ ಹಿಂಡಿದರು, ಕುಣಿದರು, ಮತ್ತೆ ಸಾಲಿನಲ್ಲಿ ಬಂದು ನಿಂತು ಹೊಸಬರಂತೆ ನಟಿಸಿದರು. ಚೆನ್ನಮಲ್ಲಜ್ಜ ಬೊಚ್ಚುಬಾಯಲ್ಲಿ ಬಹಳ ಹೊತ್ತು ಚೀಪಿ, "ಎಷ್ಟ ದಿನದ್ದವ್ವಾ ಇದು?" ಎಂದ. ಇಪ್ಪತ್ತು ದಿನದ್ದು ಎಂದೆ. "ಅಂದ್ರ ನಾ ಈಗ ಹೋದ ತಿಂಗಳನ್ನ ತಿನ್ನಾಕತ್ತೀನಿ," ಎಂದು ಅಜ್ಜ ಬೆರಗಾಗಿ ಸುತ್ತಲಿನವರ ಮುಖ ನೋಡಿದ. ಉಪ್ಪು ಮಾರಲು ಬಂದಿದ್ದ ಪರವೂರಿನವನೊಬ್ಬ, ಇದಕ್ಕೆ ನಮ್ಮ ಕಡೆ ಉಪ್ಪಿನಕಾಯಿ ಅನ್ನುತ್ತಾರೆ, ಇಂಥ ಗುಂಡಿಗೆ ಹಗೇವು ಅನ್ನುತ್ತಾರೆ, ಅದರಲ್ಲಿ ವರ್ಷಗಟ್ಟಲೆ ಜೋಳ ಇಡುತ್ತಾರೆ ಎಂದ. ವರ್ಷಗಟ್ಟಲೆ ಎಂದದ್ದಕ್ಕೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ತಿನ್ನದವಳು ಕಾಶಿ ಒಬ್ಬಳೇ. "ಚಿಗುರಲಾರದ್ದು ಅಂದ್ರ ಸತ್ತದ್ದು. ಸತ್ತದ್ದನ್ನ ನಾ ಬಾಯಾಗ ಇಡಂಗಿಲ್ಲ," ಎಂದು ಸೆರಗು ಕೊಡವಿಕೊಂಡು ಹೋದಳು. ಹೋಗಲಿ ಬಿಡು, ಅವಳ ಪಾಲು ನನಗಾಯಿತು ಎಂದುಕೊಂಡೆ.

ಮರುದಿನ ನಮ್ಮನೆಯವರು ಎರಡು ಚೀಲ ಜೋಳ ಹಗೇವಿಗೆ ಇಳಿಸಿದರು. ಎಂಟಾಯಿತು, ಹದಿನೈದಾಯಿತು, ಜೋಳ ಜೋಳವಾಗಿಯೇ ಇತ್ತು. ಊರವರೆಲ್ಲ ತಮ್ಮ ತಮ್ಮ ಹಿತ್ತಲು ಅಗೆದು ನೋಡಿದರು. ಬಿಳಿ ಮಣ್ಣು ನಮ್ಮ ಹಿತ್ತಲಲ್ಲಿ ಬಿಟ್ಟರೆ ಎಲ್ಲೂ ಇರಲಿಲ್ಲ. ಮೊದಮೊದಲು ನಾವದನ್ನು ಅದೃಷ್ಟ ಎಂದೆವು. ತಿಂಗಳು ಕಳೆಯುವುದರೊಳಗೆ ನಮ್ಮ ಜಾಣತನ ಎನ್ನತೊಡಗಿದೆವು. "ಮಣ್ಣಿನ ಹದಾ ನೋಡೇ ಅಗದೀನಿ ನಾ," ಎಂದು ನಮ್ಮನೆಯವರು ಜಗುಲಿಯಲ್ಲಿ ಕೂತು ಹೇಳುತ್ತಿದ್ದರು, ಬಿದ್ದು ಕಾಲು ಉಳುಕಿಸಿಕೊಂಡದ್ದನ್ನು ನಾನೂ ನೆನಪಿಸುತ್ತಿರಲಿಲ್ಲ.

ಆಮೇಲೆ ಒಬ್ಬೊಬ್ಬರೇ ಬಂದರು. ನನ್ನದೂ ಒಂದು ಚೀಲ ಇಡು ನೀಲಿ, ನನ್ನದೂ ಒಂದು ಬುಟ್ಟಿ. ಇಡೋಣ, ಅದಕ್ಕೇನು. ಆದರೆ ಹಗೇವಿನ ಹೊಟ್ಟೆ ಎಂಟು ಚೀಲಕ್ಕೆ ತುಂಬುತ್ತದೆ. ಯಾರದು ಒಳಗೆ, ಯಾರದು ಹೊರಗೆ ಎಂದು ಯಾರಾದರೂ ಹೇಳಬೇಕಲ್ಲ? ನಾನು ಹೇಳಿದೆ. ನಿಮ್ಮಾಣೆ, ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಆದರೆ ನನ್ನ ಅಡುಗೆ ಹೊಗಳಿದವರ ಚೀಲ ಏಕೋ ಮೊದಲು ಒಳಗೆ ಹೋಗುತ್ತಿತ್ತು. ಇಟ್ಟವರು ನಿನ್ನ ಶ್ರಮಕ್ಕೆ ಎಂದು ಒಂದೊಂದು ಸೇರು ಬಿಟ್ಟುಹೋಗುತ್ತಿದ್ದರು. ಬೇಡವೆಂದೆ. ಆಮೇಲೆ ಬೇಡ ಎನ್ನುವುದನ್ನು ಮರೆತೆ. ಹಗೇವಿಗೆ ಚೀಲ ಬಂದಷ್ಟೂ ಓಣಿಯಲ್ಲಿ ಬಟ್ಟಲು ತಿರುಗುವುದು ಕಡಿಮೆಯಾಯಿತು. ಹೊಲ ನಿದ್ದೆ ಹೊಡೆಯುತ್ತಿದ್ದವರು ಮೊದಲು ಸುಮ್ಮನೆ ಮನೆಯಲ್ಲಿ ಕೂತರೂ ಬಟ್ಟಲು ಬಂದು ಮುಟ್ಟುತ್ತಿತ್ತು, ಈಗ ನಮ್ಮ ಬಾಗಿಲಿಗೆ ಬಂದು ನಿಲ್ಲಬೇಕಾಯಿತು. ನಿಂತವರು ಜಗುಲಿ ಏರುತ್ತಿರಲಿಲ್ಲ. ನೀಲಿ ಹೋಗಿ ನೀಲಗಂಗವ್ವ ಆದೆ, ನೀಲಗಂಗವ್ವ ಹೋಗಿ 'ಅವ್ವಾರು' ಆದೆ. ಮೊದಲ ಸಲ ಆ ಮಾತು ಕಿವಿಗೆ ಬಿದ್ದಾಗ ನನ್ನ ಹಿಂದೆ ಯಾರೋ ಬಂದಿರಬೇಕೆಂದು ತಿರುಗಿ ನೋಡಿದ್ದೆ. ನಾಲ್ಕನೆಯ ಸಲಕ್ಕೆ ಕುತ್ತಿಗೆ ನೆಟ್ಟಗಾಗಿತ್ತು. ನಮ್ಮನೆಯವರು ಹಗೇವಿಗೆ ಬಾಗಿಲು ಕೂರಿಸಿ ಅಡ್ಡಪಟ್ಟಿ ಹಾಕಿದರು, ಜಗುಲಿಯನ್ನು ಒಂದು ಮೆಟ್ಟಿಲು ಎತ್ತರಿಸಿದರು. ಏಕೆ ಎಂದರೆ, "ಕುಂತ್ರ ಎಲ್ಲಾರೂ ಕಾಣಬೇಕಲ್ಲ," ಎಂದರು. ಚೆನ್ನಮಲ್ಲಜ್ಜನ ಮೊಣಕಾಲಿಗೆ ಆ ಮೆಟ್ಟಿಲು ಏರಲಾಗಲಿಲ್ಲ. ಅವನು ಬೇವಿನ ಮರದ ಕೆಳಗೆ ಮಲಗತೊಡಗಿದ.

ಕಾಶಿ ಮಾತ್ರ ಒಂದು ಹಿಡಿ ಕಾಳನ್ನೂ ಹಗೇವಿಗೆ ತರಲಿಲ್ಲ. ಅವಳಿಗೆ ನಾನು ನೀಲಿಯೇ. ಒಂದು ದಿನ ಅವಳ ಏಳು ಬಂತು. ನಾನು ಅಡುಗೆಮನೆಯಲ್ಲಿ, ಹೊರಗೆ ನಿಂತಿರುವ ಐದಾರು ಜನರಿಗೆ ಏನು ಹೇಳಿ ಕಳಿಸಲಿ ಎಂಬ ಯೋಚನೆಯಲ್ಲಿದ್ದೆ. ಕಿಂಡಿಯಿಂದ ಅವಳ ಕೈ ಬಂತು, ಕೈಯಲ್ಲಿ ಬಟ್ಟಲು, ಬಟ್ಟಲಲ್ಲಿ ಬಿಸಿಬಿಸಿ ಅವರೆಕಾಳಿನ ಪಲ್ಯ. ನಾನು ತಿರುಗಿ ಕೂಡ ನೋಡದೆ, "ಬ್ಯಾಡ ಬಿಡು ಕಾಶಿ, ನಮ್ಮನ್ಯಾಗ ಬೇಕಾದಷ್ಟೈತಿ," ಎಂದುಬಿಟ್ಟೆ.

ಕೈ ಅಲ್ಲೇ ನಿಂತಿತು. "ಏನಂದಿ?" ಎಂದಳು. ಅಷ್ಟು ಹೊತ್ತಿಗೆ ನನ್ನ ಮಾತು ನನಗೇ ಕೇಳಿಸಿತ್ತು. ಆದರೆ ಹೊರಗೆ ಜನ ನಿಂತಿದ್ದರು, ಅವರ ಮುಂದೆ ಅವ್ವಾರು ತಪ್ಪಾಯಿತು ಎನ್ನುವುದು ಹೇಗೆ? ಕಾಶಿ ಬಟ್ಟಲನ್ನು ಕಿಂಡಿಯ ನಡುವೆ ಇಟ್ಟಳು. "ಇಟ್ಟೀನಿ. ಬೇಕಾದ್ರ ತಗೋ, ಬ್ಯಾಡಾದ್ರ ಬಿಡು," ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನ್ನನ್ನು ಚುಚ್ಚಿತು. ಅವಳು ಬಂದು ತೆಗೆಯಲಿ ಎಂದು ನಾನು, ನಾನು ತೆಗೆಯಲಿ ಎಂದು ಅವಳು. ಎಂಟನೆಯ ದಿನ ಪಲ್ಯ ಚಿಗುರಿತು. ಅವರೆ ಬಳ್ಳಿ ಎಂದರೆ ಗೊತ್ತಲ್ಲ, ಹಿಡಿಯಲು ಏನಾದರೂ ಸಿಕ್ಕರೆ ಬಿಡುವುದಿಲ್ಲ. ಆ ಕಡೆ ಅವಳ ನೆಲುವಿಗೆ ಸುತ್ತಿತು, ಈ ಕಡೆ ನನ್ನ ಒನಕೆಗೆ ಸುತ್ತಿತು. ಹತ್ತು ದಿನಗಳಲ್ಲಿ ಕಿಂಡಿ ಹಸಿರು ಗೋಡೆಯಾಯಿತು. ಅವಳ ಬಳೆಯ ಸದ್ದು ಕೇಳುತ್ತಿತ್ತು, ಮುಖ ಕಾಣುತ್ತಿರಲಿಲ್ಲ.

ನೀವು ನಗಬಹುದು, ತುಂಬಿದ ಹಗೇವಿನ ಮುಂದೆ ಕೂತು ನಾನು ಹಸಿದೆ. ಊಟ ಇತ್ತು, ಆದರೆ ಎಲ್ಲ ನಾನೇ ಬೇಯಿಸಿದ್ದು, ದಿನವೂ ಒಂದೇ ಕೈ, ಒಂದೇ ರುಚಿ. ಕಾಶಿಯ ಆ ಬಟ್ಟಲು ಬಿಟ್ಟರೆ ನಾಲ್ಕು ತಿಂಗಳಿಂದ ನಮ್ಮ ಮನೆಗೆ ಒಂದು ಬಟ್ಟಲೂ ಬಂದಿರಲಿಲ್ಲ. ಅವ್ವಾರಿಗೆ ಏನು ಕಡಿಮೆ ಎಂದು ಯಾರೂ ತರುತ್ತಿರಲಿಲ್ಲ. ಅವಳ ಅವರೆಪಲ್ಯ ನೆನೆದು ಒಂದು ಮಧ್ಯಾಹ್ನ ಒಲೆಯ ಮುಂದೆ ಕೂತು ಅತ್ತೇಬಿಟ್ಟೆ, ಅಳುತ್ತಿರುವುದು ಆ ಕಡೆ ಕೇಳಬಾರದೆಂದು ಸೆರಗು ಬಾಯಿಗೆ ತುರುಕಿಕೊಂಡು.

ಸರಿ, ದಾನ ಮಾಡಿದರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡೆ. ಜೋಳ ತೆಗೆಸಿ, ಕಡುಬು ಮಾಡಿ, ದೊಡ್ಡ ದೊಡ್ಡ ಬಟ್ಟಲುಗಳಲ್ಲಿ ಮನೆಮನೆಗೆ ಹೊತ್ತುಕೊಂಡು ಹೋದೆ. ಜನ ಎರಡೂ ಕೈ ಚಾಚಿ, ತಲೆ ಬಗ್ಗಿಸಿ ಇಸಿದುಕೊಂಡರು. ಒಬ್ಬಳು ಕಾಲಿಗೆ ಬೀಳಲು ಬಂದಳು. ಹೋದಷ್ಟೂ ಮನೆ ನಾನು ಇನ್ನಷ್ಟು ಅವ್ವಾರಾಗುತ್ತ ಹೋದೆ. ಕಾಶಿಯ ಬಾಗಿಲು ತಟ್ಟುವ ಧೈರ್ಯ ಬರಲಿಲ್ಲ. ಕೊನೆಯ ಬಟ್ಟಲನ್ನು ಬೇವಿನ ಮರದ ಕೆಳಗೆ ಚೆನ್ನಮಲ್ಲಜ್ಜನ ಮುಂದಿಟ್ಟು, ನಾನೂ ನೆಲಕ್ಕೆ ಕುಕ್ಕರಿಸಿದೆ. ಅಜ್ಜ ಕಡುಬು ಮುರಿದು ಬಾಯಿಗಿಟ್ಟ. "ಚೊಲೋ ಆಗ್ಯಾವು," ಎಂದ. "ಅಜ್ಜಾ, ಇಷ್ಟೆಲ್ಲಾ ಕೊಟ್ಟೆ, ಯಾರೂ ಮೊದಲಿನಂಗ ಮಾತಾಡವಲ್ರು," ಎಂದೆ. ಅಜ್ಜ ನಿಧಾನಕ್ಕೆ ನುಂಗಿದ. "ಕೊಡಾಕ ಬಂದ್ರ ಏನ ಮಾಡ್ಬೇಕವ್ವಾ ಮಂದಿ, ಇಸ್ಕೋತಾರ. ನೀ ಯಾವಾಗ ಇಸ್ಕೊಂಡಿ? ಅದನ್ನ ಹೇಳು."

ಎದ್ದು ಮನೆಗೆ ಹೋದೆ, ಒಂದು ಖಾಲಿ ಬಟ್ಟಲು ತೆಗೆದುಕೊಂಡೆ. ನಮ್ಮನೆಯವರು ಎತ್ತರದ ಜಗುಲಿಯಿಂದಲೇ ಎಲ್ಲಿಗೆ ಎಂದು ಕೇಳಿದರು. ಕಾಶಿಯ ಮನೆಗೆ, ಊಟ ಕೇಳಲು ಎಂದೆ. "ಹುಚ್ಚು ಹಿಡದೈತೇನು? ಊರಾಗ ನಮಗೊಂದು ಮರ್ಯಾದಿ ಐತಿ," ಎಂದರು. "ಹಂಗಾರ ಇವತ್ತು ಆ ಮರ್ಯಾದೀನ ಉಂಡು ಮಲಕೋರ್ರಿ, ನಾ ಒಲಿ ಹಚ್ಚೂದಿಲ್ಲ," ಎಂದು ಮೆಟ್ಟಿಲಿಳಿದೆ.

ಪಕ್ಕದ ಮನೆಗೆ ಹತ್ತು ಹೆಜ್ಜೆ. ಆ ಹತ್ತು ಹೆಜ್ಜೆ ಹಾಕುವಾಗ ಓಣಿಯ ಬಾಗಿಲುಗಳಲ್ಲೆಲ್ಲ ಮುಖಗಳು. ಕಾಶಿ ಹೊಸ್ತಿಲಲ್ಲಿ ಕೂತು ಬೇಳೆ ಆರಿಸುತ್ತಿದ್ದಳು. ತಲೆ ಎತ್ತಿ ನನ್ನನ್ನೂ ಬಟ್ಟಲನ್ನೂ ನೋಡಿದಳು. "ಕಾಶಿ, ಹಸಿವಾಗೈತಿ," ಎಂದೆ. ಅಷ್ಟೇ ಹೇಳಲು ಸಾಧ್ಯವಾದದ್ದು. ಅವಳು ಎದ್ದು ನಿಂತು ಸೆರಗು ತಲೆಯ ಮೇಲೆ ಹೊದ್ದುಕೊಂಡು, "ಬರ್ರಿ ಅವ್ವಾರ, ನಮ್ಮ ಬಡವರ ಮನಿಗೆ ಬಂದ್ರಿ, ಪಾವನಾದ್ವಿ," ಎಂದಳು. ಇಂಥದ್ದನ್ನು ಬಿಟ್ಟರೆ ಅವಳು ಕಾಶಿ ಹೇಗಾದಾಳು? "ಬೈ, ಬೈಯಬೇಕಂದಷ್ಟು ಬೈ. ಆದ್ರ ಮೊದಲ ಏನಾರ ಹಾಕು," ಎಂದೆ. ಅವಳ ತುಟಿ ಅದುರಿತು. ನಗುವಿಗೋ ಅಳುವಿಗೋ ನನಗೆ ತಿಳಿಯಲಿಲ್ಲ. "ನಮ್ಮ ಏಳು ನಿನ್ನೇನ ಆತು. ಮನ್ಯಾಗ ಈ ಬ್ಯಾಳಿ ಬಿಟ್ರ ಒಂದು ಕಾಳಿಲ್ಲ. ಇದು ನಾಳಿಗೆ," ಎಂದಳು. ನಾನು ಖಾಲಿ ಬಟ್ಟಲು ಹಿಡಿದು ನಿಂತೇ ಇದ್ದೆ. ಅವಳು ಒಳಗೆ ನೋಡಿದಳು, ಮತ್ತೆ ನನ್ನನ್ನು ನೋಡಿದಳು. "ಕಿಂಡ್ಯಾಗ ಕಾಯಿ ಬಿಟ್ಟಾವು," ಎಂದಳು. "ನಿನ್ನ ಬಟ್ಟಲಾಗಿಂದ ಬೆಳದದ್ದು, ನೀನ ಹರಕೋ. ನಾ ಈ ಕಡೆಯಿಂದ ಹರೀತೀನಿ, ನೀ ಆ ಕಡೆಯಿಂದ ಬಾ."

ನಾನು ಓಡಿದೆ. ನಲವತ್ತೈದರ ಹೆಂಗಸು ಓಡಬಾರದು ಎಂದು ಯಾರಾದರೂ ಹೇಳಿದ್ದರೆ ಅವರನ್ನೂ ತುಳಿದುಕೊಂಡು ಓಡುತ್ತಿದ್ದೆ. ನನ್ನ ಅಡುಗೆಮನೆಯಲ್ಲಿ ನಿಂತು ಕಾಯಿ ಹರಿಯತೊಡಗಿದೆ. ಒಂದೊಂದು ಗೊಂಚಲಿಗೂ ಹತ್ತಿಪ್ಪತ್ತು ಕಾಯಿ, ಸೊಗಡು ಕೈಗೆಲ್ಲ ಅಂಟಿತು. ಅವಳು ಆ ಕಡೆಯಿಂದ ಎಲೆ ಕೀಳುತ್ತಿದ್ದಳು, ಕೀಳುತ್ತಲೇ ಬೈಯುತ್ತಿದ್ದಳು: ನಾವು ಜಗುಲಿ ಎತ್ತರಿಸಿದ್ದು, ನನ್ನ ಕುತ್ತಿಗೆ ನೆಟ್ಟಗಾದದ್ದು, ಅಜ್ಜ ಮರದ ಕೆಳಗೆ ಮಲಗಿದ್ದು, ಒಂದೂ ಬಿಡಲಿಲ್ಲ. ಮೊದಲು ಅವಳ ಬಳೆ ಕಂಡಿತು, ಆಮೇಲೆ ಮೂಗುತಿ, ಆಮೇಲೆ ಅತ್ತು ಕೆಂಪಾದ ಕಣ್ಣು. ಇಬ್ಬರೂ ಅಲ್ಲೇ ನಿಂತು ಕಾಳು ಬಿಡಿಸಿದೆವು. ಒಲೆ ಅವಳದು, ಒಗ್ಗರಣೆ ಅವಳದು. ಆ ದಿನ ತಿಂದ ಪಲ್ಯದ ರುಚಿಯನ್ನು ಹೇಳಲು ನನಗೆ ಬರುವುದಿಲ್ಲ, ಬಟ್ಟಲು ಮಾತ್ರ ತೊಳೆದಂತಾಗಿತ್ತು.

ಮರುದಿನ ಹಗೇವಿನ ಬಾಗಿಲು ಕಿತ್ತೆ. ಅವರವರ ಚೀಲ ಅವರವರು ಒಯ್ದರು. ನಮ್ಮ ಪಾಲಿನದನ್ನು ಬಾಗಿಲಿಲ್ಲದ ಗುಂಡಿಯಲ್ಲಿ ಬಿಡೆನೆಂದು ನಮ್ಮನೆಯವರು ಹಟ ಹಿಡಿದು ಜಗುಲಿಯ ಮೇಲೆ ಒಟ್ಟಿ, ಅದಕ್ಕೆ ಒರಗಿ ಕಾವಲು ಕೂತರು. ನಾನು ತಂಟೆಗೆ ಹೋಗಲಿಲ್ಲ. ಎಂಟನೆಯ ದಿನ ಜೋಳ ಎದ್ದಿತು, ಬೇರು ಕಲ್ಲುಗಳ ನಡುವೆ ಇಳಿಯಿತು, ಹೊಸ ಮೆಟ್ಟಿಲು ಬಿರಿದು ಬಿತ್ತು, ಜೊತೆಗೆ ಒರಗಿ ನಿದ್ದೆ ಹೋಗಿದ್ದ ಇವರೂ ಬಿದ್ದರು. ಉಳುಕಿದ್ದು ಅದೇ ಕಾಲು. ಓಣಿಯವರೆಲ್ಲ ಬಂದು ಎತ್ತಿದರು, ಎಣ್ಣೆ ತಿಕ್ಕಿದರು, ನಕ್ಕರು. ಚೆನ್ನಮಲ್ಲಜ್ಜ ತಗ್ಗಾದ ಜಗುಲಿಯನ್ನು ಕೈಯಿಂದ ಮುಟ್ಟಿ ನೋಡಿ, ಏರಿ, ತನ್ನ ಹಳೆಯ ಜಾಗದಲ್ಲಿ ಕಾಲು ಚಾಚಿದ. "ಏನೋ ಬಸಲಿಂಗ, ನಿಮ್ಮನಿ ಏಳು ಯಾವತ್ತು?" ಎಂದು ಇವರನ್ನು ಕೇಳಿದ. ಇವರ ಜೊತೆ ಯಾರಾದರೂ ಕೂತು ಮಾತಾಡಿ ನಾಲ್ಕು ತಿಂಗಳಾಗಿತ್ತು. ಇವರು ಉಳುಕಿದ ಕಾಲು ನೀವಿಕೊಳ್ಳುತ್ತ, "ಬರೂ ಸೋಮಾರ, ಅಜ್ಜಾ. ಹೊಟ್ಟಿ ಖಾಲಿ ಇಟ್ಕೊಂಡು ಬಾ," ಎಂದರು.

ಹಗೇವನ್ನು ಮುಚ್ಚಲಿಲ್ಲ. ಉಪ್ಪಿನಕಾಯಿಯ ರುಚಿ ಕಂಡ ನಾಲಿಗೆಗಳು ಬಿಡುತ್ತವೆಯೇ? ಈಗ ಅದರೊಳಗೆ ಒಂದೇ ಒಂದು ಭರಣಿ ಇದೆ, ಆಳೆತ್ತರದ್ದು. ಪ್ರತಿ ಮನೆಯವರೂ ತಮ್ಮ ತಮ್ಮ ನಿಂಬೆ, ಮಾವು, ಉಪ್ಪು, ಖಾರ ತಂದು ಅದರಲ್ಲೇ ಸುರಿದು ಕಲಸುತ್ತಾರೆ. ಯಾರ ಹೋಳು ಯಾರದೆಂದು ದೇವರಿಗೂ ಗೊತ್ತಾಗುವುದಿಲ್ಲ. ಬಾಗಿಲಿಲ್ಲ, ಪಟ್ಟಿಯಿಲ್ಲ, ಏಣಿ ಸದಾ ಇಳಿದೇ ಇರುತ್ತದೆ.

ಮೊನ್ನೆ ಕಾಶಿಯ ಏಳು. ಕಿಂಡಿಯಿಂದ ಕೈ ಬಂತು, ಬಟ್ಟಲು ಬಂತು. ನಾನು ಆಗಷ್ಟೇ ಉಂಡಿದ್ದೆ, ಹೊಟ್ಟೆಯಲ್ಲಿ ಸಾಸಿವೆ ಕಾಳಿಗೂ ಜಾಗವಿರಲಿಲ್ಲ. ಎರಡೂ ಕೈಯಲ್ಲಿ ಇಸಿದುಕೊಂಡೆ. ಅವಳ ಕೈ ಮಾತ್ರ ಹಿಂದೆ ಹೋಗಲಿಲ್ಲ. ಅಂಗೈ ಮೇಲಾಗಿ ಕಿಂಡಿಯಲ್ಲೇ ಇತ್ತು. "ಏನ ಬೇಕ?" ಎಂದೆ. "ಅದಽ," ಎಂದಳು. "ಯಾವದು?" ನನಗೆ ಗೊತ್ತಿತ್ತು, ಆದರೆ ಅವಳ ಬಾಯಿಂದಲೇ ಬರಲಿ ಎಂದು. "ಆ ಸತ್ತದ್ದು," ಎಂದಳು ಕಾಶಿ, ಮುಖ ಆ ಕಡೆ ತಿರುಗಿಸಿಕೊಂಡು. ಬೆಳಿಗ್ಗೆ ಹಗೇವಿನಿಂದ ತಂದಿದ್ದ ಉಪ್ಪಿನಕಾಯಿಯ ಒಂದು ಹೋಳು ಇಟ್ಟೆ. ಕೈ ಹೋಯಿತು. ಕಿಂಡಿಯಿಂದ ಬಗ್ಗಿ ನೋಡಿದೆ. ಅವಳು ಕಣ್ಣು ಮುಚ್ಚಿ, ಮುಖವನ್ನೆಲ್ಲ ಹಿಂಡಿಕೊಂಡು, ಎರಡೂ ಕಣ್ಣಿಂದ ನೀರಿಳಿಸುತ್ತ ನಿಂತಿದ್ದಳು. "ಹೆಂಗೈತಿ?" ಎಂದೆ. ಕಾಶಿ ಕಣ್ಣೊರೆಸಿಕೊಂಡು, "ಏನ್ ಅಂಥಾದ್ದಿಲ್ಲ ಬಿಡು," ಎಂದಳು. ಹಾಗೆನ್ನುತ್ತಲೇ ಅವಳ ಕೈ ಮತ್ತೆ ಕಿಂಡಿಗೆ ಬಂತು.